ಲಕ್ವಾ ಹೊಡ್ದ ಕೈಗಿ ಕನ್ನಡಿ

ಲಕ್ವಾ ಅಂದ್ರ ನಮ್ಮ ಹಳ್ಳಿಖೇಡದಾಗ ಎಲ್ಲರ ಮನ್ಯಾಗೂ ಒಂದೊಂದು ಕತಿ ಅದ. ಒಬ್ಬರ ಮಾವಗ ಎಡಗಾಲು ಹೋಗ್ಯಾದ, ಇನ್ನೊಬ್ಬರ ಅವ್ವಗ ಬಾಯಿ ಸೊಟ್ಟಾಗ್ಯಾದ. ಮೊದಲಿನ ಮಂದಿ ಯಾನ್ ಮಾಡ್ತಿದ್ರು ಅಂಬೋದು ನಿಮಗೂ ಗೊತ್ತೇ ಅದ. ಪಾರಿವಾಳ ಕೊಯ್ದು ಅದರ ಬಿಸಿ ರಕ್ತ ಕೈಕಾಲಿಗಿ ತಿಕ್ಕೋದು, ಮ್ಯಾಲ ಕಂಬಳಿ ಹೊಚ್ಚಿ ಗಾಳಿ ಬಡೀದಂಗ ಕತ್ತಲ ಕೋಣ್ಯಾಗ ಮಲಗಸೋದು, ಹಕೀಮರ ಕಡಿಂದ ಮಾಜೂನು ತಂದು ನೆಕ್ಕಸೋದು. ನಮ್ಮ ಬೀದರ ಜಿಲ್ಲಾ 1956ರ ನವೆಂಬರ್ 1ರ ತನಾ ಹೈದ್ರಾಬಾದ ರಾಜ್ಯದಾಗ ಇತ್ತಲ್ಲ, ಅದಕ್ಕೇ ನಮ್ಮ ಬಾಯಾಗ ಆಸ್ಪತ್ರಿ ಅಂಬೋದ್ಕಿಂತ ಮೊದಲ ದವಾಖಾನಿ ಬರ್ತದ. ಊರ ಹೆಸರಿನ ಮುಂದಿನ 'ಬಿ' ಸುದ್ದಾ ಅಲ್ಲಿಂದೇ ಬಂದದ್ದು. ಬುಜುರ್ಗ್, ಅಂದ್ರ ಹಿರೇದು. ಸಣ್ಣದಕ್ಕ ಖುರ್ದ್.

ಪಾರಿವಾಳದ ರಕ್ತದಿಂದ ಯಾನೂ ಆಗಲ್ಲ, ಇದು ಮೊದಲೇ ಹೇಳಿಬಿಡ್ತೀನಿ. ಲಕ್ವಾ ಕೈಯಾಗ ಕಾಣಸ್ತದ ಖರೇ, ಆದ್ರ ಕೆಟ್ಟಿದ್ದು ಕೈ ಅಲ್ಲ, ತಲಿ. ಮಿದುಳಿಗಿ ರಕ್ತ ಹೋಗೋ ನಾಳ ಕಟ್ಟತದ, ಇಲ್ಲಾಂದ್ರ ಒಡೀತದ. ಕಟ್ಟಿದ್ದಿದ್ರ ಅದು ಕರಗಸೋ ಸೂಜಿ ಅದ, ಅದು ನಾಕೂವರೆ ತಾಸಿನೊಳಗ ಬೀಳಬೇಕು. ಪಾರಿವಾಳ ಹುಡುಕ್ಲಿಕ್ಕಿ ಹೋದ ತಾಸು ಅದರಾಗೇ ಕಳೀತದ ನೋಡ್ರಿ.

ನಮ್ಮ ಅತ್ತಿಗಿ ಎಳ್ಳಮವಾಸಿ ಮುಗದು ಎಂಟು ದಿನಕ್ಕ ಹೊಡೀತು. ಬಲಗೈ. ಎಳ್ಳಮವಾಸಿ ದಿನ ಹೊಲದಾಗ ನಲವತ್ತು ಮಂದಿಗಿ ಸಜ್ಜಿ ರೊಟ್ಟಿ ಬಡದ ಕೈ ಅದು. ದವಾಖಾನ್ಯಾಗ ಹನ್ನೊಂದು ದಿನ ಇಟ್ಟು ಕಳಿಸಿದ್ರು. ಮಾತು ಜರಾ ತೊದಲ್ತಿತ್ತು, ಕಾಲು ಎಳಕೋತ ನಡೀತಿದ್ರು, ಕೈ ಮಾತ್ರ ಒದ್ದಿ ಅರಬಿ ತೂಗಿದಂಗ ತೂಗ್ತಿತ್ತು. ಫಿಜಿಯೋಥೆರಪಿ ಮಾಡಸ್ರಿ ಅಂತ ಚೀಟಿ ಬರದು ಕೊಟ್ಟಿದ್ರು. ಕೈ ಹಿಡದು ಮ್ಯಾಲ ಕೆಳಗ ಮಾಡ್ತಾರ, ಕರಂಟ್ ಇಡ್ತಾರ, ಅಷ್ಟೇ ಅಂತ ತಿಳಕೊಂಡು ಕರಕೊಂಡು ಹೋದೆ.

ಅಲ್ಲಿದ್ದಾಕಿ ಇಪ್ಪತ್ತೈದು ವರ್ಷದ ಹುಡುಗಿ. ಎರಡು ದಿನ ನಾವು ತಿಳಕೊಂಡಂಗೇ ಮಾಡಿದಳು. ಮೂರನೇ ದಿನ ಮೇಜಿನ ಮ್ಯಾಲ ಒಂದು ಕನ್ನಡಿ ತಂದು ಅಡ್ಡಗ್ವಾಡಿ ಎಬ್ಬಿಸಿದಂಗ ನಿಲ್ಲಿಸಿದಳು. ಅತ್ತಿ ಎದಿ ಮುಂದ ನಟ್ಟನಡುವ. ಬಿದ್ದ ಬಲಗೈ ಕನ್ನಡಿ ಹಿಂದ, ಚಲೋ ಎಡಗೈ ಕನ್ನಡಿ ಮುಂದ.

"ಆಯಿ, ಈಗ ಕನ್ನಡ್ಯಾಗಷ್ಟೇ ನೋಡ್ರಿ. ಎಡಗೈ ಮುಚ್ಚಿ ಬಿಚ್ಚಿ ಮಾಡ್ರಿ."

ನಮ್ಮ ಅತ್ತಿ ಮುಖ ತಿರುವಿದ್ರು. ಮಾವ ಹೋದ ಮ್ಯಾಲ ಅವರು ಕನ್ನಡಿ ಮುಂದ ನಿಂತಿದ್ದು ನಾ ನೋಡಿಲ್ಲ. ತಲಿ ಬಾಚೋದು ಬಿ ಗ್ವಾಡಿ ಕಡಿ ಮುಖ ಮಾಡೇ. "ನನಗ ಈ ವಯಸ್ಸಿನಾಗ ಕನ್ನಡಿ ಯಾಕ ತೋರಸ್ಲತ್ತೀಯವ್ವ?" ಅಂದ್ರು. ಆ ಹುಡುಗಿ ಜಾಣಿ. "ಮುಖ ನೋಡಬ್ಯಾಡ್ರಿ ಆಯಿ, ಕೈ ನೋಡ್ರಿ" ಅಂದಳು. ಆಮ್ಯಾಲ ಎಡಗೈ ಬೆರಳಿನ ಉಂಗುರ ತೆಗಸಿದಳು. ಎಡ ಮುಂಗೈ ಮ್ಯಾಲ ಸಣ್ಣ ವಯಸ್ಸಿನಾಗ ಹಾಕಿಸ್ಕೊಂಡ ಹಚ್ಚಿ ಇತ್ತು, ಅದಕ್ಕ ಒಂದು ಅರಬಿ ಸುತ್ತಿದಳು. ನಾ ಬಾಗಲ ಹತ್ರ ಕುಂತು ಪರೇಶಾನ್ ಆಗಿ ನೋಡ್ಲತ್ತಿದ್ದೆ. ಒಂದು ಹೊಲ ಒಣಗಿದ್ರ ಬಾಜೂ ಹೊಲಕ್ಕ ನೀರು ಬಿಟ್ಟಂಗ, ಬಿದ್ದ ಕೈ ಬಿಟ್ಟು ಚಲೋ ಕೈಗಿ ಕಸರತ್ತು! ಅರ್ಧ ತಾಸು ಅದೇ. ಮುಚ್ಚು, ಬಿಚ್ಚು, ಮಗಚು, ಬೆರಳು ಎಣಿಸು. ಹಿಂದಿನ ಕೈಗಿ ಆಕಿ ಮುಟ್ಟಲೇ ಇಲ್ಲ.

ಮನಿಗಿ ಬಂದ ಮ್ಯಾಲ ಮಾತು ಬಂತು. ರೊಕ್ಕ ಕೊಟ್ಟು ಕನ್ನಡಿ ನೋಡ್ಲಿಕ್ಕಿ ಹೋಗಬೇಕಾ ಅಂತ ಮನಿಯವರು, ಮಾಟಾ ಮಾಡೋರು ಹಿಂಗೇ ಕನ್ನಡಿ ಇಡ್ತಾರ ಅಂತ ನೆಗೆಣ್ಣಿ. ಅದಕ್ಕೇ ನಾ ಓದ್ಲಿಕ್ಕಿ ಕುಂತೆ. ಓದಿದಷ್ಟು ನಿಮಗೂ ಹೇಳ್ತೀನಿ, ಯಾಕಂದ್ರ ಈ ಕನ್ನಡಿ ಹಿಂದ ಭಾಳ ದೊಡ್ಡ ಕತಿ ಅದ.

ಅಮೆರಿಕಾದಾಗ 1861ರಿಂದ 1865ರ ತನಾ ಅವರವರೊಳಗೇ ಯುದ್ಧ ಆಯ್ತು. ಸಾವಿರಾರು ಸಿಪಾಯಿಗಳ ಕೈಕಾಲು ಕತ್ತರಿಸಿದ್ರು. ಆ ಮಂದಿ ಗಾಯ ಮಾಯ್ದ ಮ್ಯಾಲೂ 'ಇಲ್ಲದ ಕೈ ನೋಯ್ಲತ್ತದ, ಇಲ್ಲದ ಬೆರಳು ತುರಸ್ಲತ್ತದ' ಅಂತಿದ್ರು. ಸೈಲಾಸ್ ವೇರ್ ಮಿಚೆಲ್ ಅಂಬೋ ಡಾಕ್ಟರ್ ಅವರಿಗಿ ಹುಚ್ಚು ಅನ್ನದೆ ಕುಂತು ಕೇಳಿ ಬರಕೊಂಡ. 1871ರಾಗ ಅದಕ್ಕ ಭೂತದ ಕೈಕಾಲು ಅಂಬೋ ಅರ್ಥದ ಹೆಸರು ಇಟ್ಟ. ಹೆಸರು ಸಿಕ್ತು, ಔಷಧ ಸಿಗಲಿಲ್ಲ. ನೂರು ವರ್ಷದ ಮ್ಯಾಲೇ ಹಂಗೇ ಕಳೀತು.

ಔಷಧ ಹುಡುಕಿದವರು ನಮ್ಮ ಕಡಿಯವರೇ. ವಿ. ಎಸ್. ರಾಮಚಂದ್ರನ್, 1951ರಾಗ ತಮಿಳುನಾಡಿನಾಗ ಹುಟ್ಟಿದವರು, ಮದ್ರಾಸಿನ ಸ್ಟ್ಯಾನ್ಲಿ ಮೆಡಿಕಲ್ ಕಾಲೇಜಿನಾಗ ಓದಿದವರು. ಅವರ ಅಜ್ಜ ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್, ಅಂಬೇಡ್ಕರ್ ಸಾಹೇಬರ ಕೂಡ ಸಂವಿಧಾನದ ಕರಡು ಸಮಿತ್ಯಾಗ ಇದ್ದವರು. ರಾಮಚಂದ್ರನ್ ಅಮೆರಿಕಾದ ಸ್ಯಾನ್ ಡಿಯಾಗೋದಾಗ ಕೆಲಸ ಮಾಡ್ತಿದ್ರು. ಅವರ ಹತ್ರ ಒಬ್ಬ ಮನಷ್ಯಾ ಬಂದ. ಮೋಟಾರ್ ಸೈಕಲ್ ಮ್ಯಾಲಿಂದ ಬಿದ್ದು ಕೈ ಹೋಗಿ ಹತ್ತು ವರ್ಷ ಆಗಿತ್ತು. ಇಲ್ಲದ ಕೈ ಮಡಚಿಕೊಂಡು ಸೆಟದು ನಿಂತದ, ಆಡ್ಸಲಿಕ್ಕಿ ಬರಲ್ಲ, ನೋವು ತಾಳಲಾರೆ ಅಂತಿದ್ದ.

ರಾಮಚಂದ್ರನ್ ವಿಚಾರ ಮಾಡಿದ್ದು ಹಿಂಗ. ಕತ್ತರಿಸೋಕಿಂತ ಮೊದಲ ಆ ಕೈ ನರ ಹರಕೊಂಡು ಸತ್ತಂಗ ಬಿದ್ದಿತ್ತು. ಮಿದುಳು 'ಆಡು' ಅಂತ ಹೇಳೋದು, ಕಣ್ಣು 'ಆಡ್ಲಿಲ್ಲ' ಅಂತ ವರದಿ ಕೊಡೋದು. ದಿನಾ ಹಂಗೇ ಆಗಿ ಆಗಿ ಮಿದುಳು 'ಈ ಕೈ ಆಡಲ್ಲ' ಅಂಬೋದು ಪಾಠ ಕಲ್ತುಬಿಟ್ಟದ. ಕೈ ಹೋಯ್ತು, ಪಾಠ ಉಳೀತು. ಹಂಗಾದ್ರ ಕಣ್ಣಿನಿಂದೇ ಆ ಪಾಠ ಅಳಸಬೇಕು. ಒಂದು ರಟ್ಟಿನ ಡಬ್ಬಿ, ನಡುವ ಒಂದು ಅಗ್ಗದ ಕನ್ನಡಿ. ಇದ್ದ ಕೈ ಆಡ್ಸಿದ್ರ ಕನ್ನಡ್ಯಾಗ ಇಲ್ಲದ ಕೈ ಎದ್ದು ಬಂದು ಆಡಿದಂಗ ಕಾಣಸ್ತದ. ಆ ಮನಷ್ಯಾ ಕನ್ನಡ್ಯಾಗ ನೋಡಿ ಕೂಗ್ಯಾಡಿಬಿಟ್ಟನಂತ, ಹತ್ತು ವರ್ಷದ ಮ್ಯಾಲ ಕೈ ಆಡ್ತು ಅಂತ. ಕಣ್ಣು ಮುಚ್ಚಿದ್ರ ಮತ್ತ ಸೆಟೀತಿತ್ತು. ಡಬ್ಬಿ ಮನಿಗಿ ಒಯ್ದು ಮೂರು ವಾರ ಮಾಡಿದ ಮ್ಯಾಲ ಆ ಭೂತದ ತೋಳೇ ಹೋಯ್ತು, ಬೆರಳಷ್ಟೇ ಉಳದವು. 1996ರಾಗ ರಾಮಚಂದ್ರನ್ ಇದು ಲಂಡನ್ನಿನ ರಾಯಲ್ ಸೊಸೈಟಿ ಪತ್ರಿಕ್ಯಾಗ ಬರದ್ರು.

ಲಕ್ವಾಕ್ಕ ಇದು ಬಂದದ್ದು ಅದರ ಮ್ಯಾಲ. 1999ರಾಗ ರಾಮಚಂದ್ರನ್ ಮತ್ತ ಅವರ ಕೂಡ ಇದ್ದವರು ಲಕ್ವಾ ಆದ 9 ಮಂದಿಗಿ ಕನ್ನಡಿ ಕೊಟ್ಟು ನೋಡಿ 'ಲ್ಯಾನ್ಸೆಟ್' ಅಂಬೋ ಪತ್ರಿಕ್ಯಾಗ ಹಾಕಿದ್ರು. ಒಂಬತ್ತು ಮಂದಿ ಅಂದ್ರ ನಮ್ಮ ಓಣ್ಯಾಗಿನ ಭಜನಿ ಮಂಡಳಿಕಿಂತ ಕಮ್ಮಿ, ಅದರ ಮ್ಯಾಲ ಯಾರೂ ನಂಬಬಾರ್ದು. ಆದ್ರ ಆಮ್ಯಾಲ ದೇಶದೇಶದಾಗ ಮಾಡಿ ನೋಡಿದ್ರು. 2018ರಾಗ 62 ಅಧ್ಯಯನ ಕೂಡಿಸಿ ತೂಗಿದಾಗ, ಬೇರೆ ಕಸರತ್ತಿನ ಕೂಡ ಕನ್ನಡಿ ಇಟ್ಟುಕೊಂಡ್ರ ಕೈ ಆಡೋದು ಜರಾ ಸುಧಾರಸ್ತದ ಅಂತ ಬಂತು. ಜಾದೂ ಅಲ್ಲ. ಎಲ್ಲರಿಗೂ ಅಷ್ಟೇ ಸುಧಾರಸಲ್ಲ. ಆದ್ರ ಸುಳ್ಳು ಬಿ ಅಲ್ಲ.

ಈಗ ನೋಡ್ರಿ, ಉಂಗುರ ತೆಗಸಿದ್ದು, ಹಚ್ಚಿ ಮುಚ್ಚಿದ್ದು ಯಾಕಂತ ತಿಳೀತದ. ಬಲಗೈ ಮ್ಯಾಲ ಇಲ್ಲದ ಗುರುತು ಕನ್ನಡ್ಯಾಗ ಕಂಡ್ರ ಮಿದುಳು 'ಇದು ನನ್ನ ಬಲಗೈ ಅಲ್ಲ' ಅಂತ ಹಿಡದುಬಿಡ್ತದ. ಮಿದುಳಿಗಿ ಮೋಸ ಮಾಡಬೇಕಂದ್ರ ಬರೋಬರ್ ಮಾಡಬೇಕು.

ಮನ್ಯಾಗ ಗೋದ್ರೇಜ್ ಅಲಮಾರಿ ಬಾಜೂ ಇದ್ದ ಕನ್ನಡಿ ಇಳಿಸಿ ದಿನಾ ಮುಂಜಾನಿ ಸಂಜಿ ಅರ್ಧರ್ಧ ತಾಸು ಕುಂದ್ರಸ್ಲತ್ತೆ. ಹದಿನೆಂಟನೇ ದಿನ ಕನ್ನಡಿ ಹಿಂದ ನಾ ಇಣುಕಿ ನೋಡ್ತೀನಿ, ಬಲಗೈ ಹೆಬ್ಬಟ್ಟು ಇರಿವಿ ನಡದಷ್ಟು ಆಡ್ಲತ್ತಿತ್ತು. ಅತ್ತಿಗಿ ಹೇಳಲಿಲ್ಲ. ಮರದಿನ ಅವರೇ ಹೇಳಿದ್ರು.

ಬೆರಳು, ಮಣಿಕಟ್ಟು ಜರಾ ಎದ್ದ ಮ್ಯಾಲ ಆ ಹುಡುಗಿ ಇನ್ನೊಂದು ಹಚ್ಚಿದಳು. ಚಲೋ ಇದ್ದ ಎಡಗೈಗಿ ದಪ್ಪ ಕೈಚೀಲ ಹಾಕಿ ಕಟ್ಟಿ, ದಿನದಾಗ ಇಷ್ಟು ತಾಸು ಬಿಚ್ಚಬಾರ್ದು ಅಂದಳು. ಇದು ಕನ್ನಡಿಕಿಂತ ಕಷ್ಟ. ಚಮಚದಿಂದ ಎಡಗೈಲಿ ಉಣ್ಲತ್ತಿದ್ದ ಮುದುಕಿಗಿ ಅದೂ ಕಸಕೊಂಡಂಗಾಯ್ತು. ತಾಟಿನಾಗಿನ ಅನ್ನ ಎದಿ ಮ್ಯಾಲ ಬೀಳೋದು. ಅವರು ಅಳೋದು. ನಾ ಉಣಸ್ಲಿಕ್ಕಿ ಕೈ ಚಾಚಬಾರ್ದು ಅಂತ ಆಕಿ ತಾಕೀತು ಮಾಡಿದ್ದಳು. ಸೊಸಿ ಅತ್ತಿ ಕೈ ಕಟ್ಟಿ ಉಪವಾಸ ಕೆಡವ್ಯಾಳ ಅಂತ ಓಣ್ಯಾಗ ಮಾತಾಯ್ತು, ಯಾರಂದ್ರು ಅಂಬೋದು ನನಗ ಗೊತ್ತದ, ಇರಲಿ.

ಇದರ ಹಿಂದಿನ ಕತಿ ಮಂಗ್ಯಾಗಳದು. ಎಡ್ವರ್ಡ್ ಟಾಬ್ ಅಂಬೋ ಅಮೆರಿಕಾದ ವಿಜ್ಞಾನಿ ಮಂಗ್ಯಾದ ಒಂದು ಕೈಯಿಂದ ಮಿದುಳಿಗಿ ಸುದ್ದಿ ಒಯ್ಯೋ ನರ ಕತ್ತರಿಸಿ ನೋಡ್ತಿದ್ದ. ಕೈ ಆಡ್ಸೋ ನರ ಚಲೋ ಇದ್ರೂ ಮಂಗ್ಯಾ ಆ ಕೈ ಬಳಸೋದೇ ಬಿಟ್ಟುಬಿಡ್ತಿತ್ತು. ಇನ್ನೊಂದು ಕೈ ಕಟ್ಟಿದ್ರ ಹಸಿವಿಗಿ ತಾಳಲಾರ್ದೆ ಬಿಟ್ಟ ಕೈಯೇ ಬಳಸ್ತಿತ್ತು. ಅಂದ್ರ ಕೈ ಆಡಲ್ಲ ಅಂತಲ್ಲ, ಬಳಸೋದು ಮರತದ. 1981ರಾಗ ಪ್ರಾಣಿದಯಾದವರು ಅವನ ಪ್ರಯೋಗಶಾಲಾದಾಗ ಹೊಕ್ಕು ಅಲ್ಲಿನ ಹೊಲಸು ಸ್ಥಿತಿ ಹೊರಗ ಹಾಕಿದ್ರು. ಪೊಲೀಸರು 17 ಮಂಗ್ಯಾ ಒಯ್ದರು, ಕೋರ್ಟ್ ಕಚೇರಿ ಭಾಳ ಆಯ್ತು. ಆ ಮಂಗ್ಯಾಗಳ ಸುದ್ದಿ ಓದಿದಾಗ ನನಗ ಊಟ ಸೇರಲಿಲ್ಲ. ಆದ್ರ ನಮ್ಮ ಅತ್ತಿ ಕೈ ಕಟ್ಟಿದ ವಿದ್ಯಾ ಅಲ್ಲಿಂದೇ ಬಂದದ್ದು, ಅದೂ ಖರೇ. 2006ರಾಗ ಅಮೆರಿಕಾದಾಗ ಲಕ್ವಾ ಆದ 222 ಮಂದಿ ಮ್ಯಾಲ ದೊಡ್ಡ ಪರೀಕ್ಷಾ ಮಾಡಿದ್ರು. ಎರಡು ವಾರ ಎಚ್ಚರ ಇದ್ದಷ್ಟೂ ಹೊತ್ತು ಹೆಚ್ಚುಕಮ್ಮಿ ಚಲೋ ಕೈಗಿ ಕೈಚೀಲ. ಒಂದು ವರ್ಷ ಆದ ಮ್ಯಾಲೂ ಅವರ ಕೈ ಉಳದವರಕಿಂತ ಚಲೋ ಇತ್ತು.

ಹೆಣ್ಣಮಕ್ಕಳ ಹೆಸರು ಎಲ್ಲಿ ಅಂತ ಕೇಳ್ತೀರಿ, ಹೇಳ್ತೀನಿ. ಆಸ್ಟ್ರೇಲಿಯಾದ ಎಲಿಜಬೆತ್ ಕೆನ್ನಿ, ನರ್ಸ್ ಸರ್ಟಿಫಿಕೇಟ್ ಸುದ್ದಾ ಇಲ್ಲದಾಕಿ. ಪೋಲಿಯೋ ಆದ ಕೂಸುಗಳ ಕೈಕಾಲಿಗಿ ಡಾಕ್ಟರರು ಪ್ಲಾಸ್ಟರ್ ಹಾಕಿ ತಿಂಗಳಗಟ್ಟಲೆ ಅಲ್ಲಾಡದಂಗ ಕಟ್ತಿದ್ದ ಕಾಲ ಅದು. ಈಕಿ ಪ್ಲಾಸ್ಟರ್ ಬಿಚ್ಚಿ, ಉಣ್ಣಿ ಕಂಬಳಿ ಪಟ್ಟಿ ಕುದಿನೀರಾಗ ಅದ್ದಿ ಹಿಂಡಿ ಸುತ್ತಿ, ಮ್ಯಾಲ ಮೆಲ್ಲಕ ಕೈಕಾಲು ಆಡಸ್ತಿದ್ದಳು. ನಾವು ಬಾಣಂತಿಗಿ ಕಾವು ಕೊಟ್ಟಂಗೇ. ಡಾಕ್ಟರರು ನಕ್ಕರು, ಬೈದರು. ಕಡಿಗಿ 1942ರಾಗ ಅಮೆರಿಕಾದ ಮಿನಿಯಾಪೊಲಿಸ್‌ದಾಗ ಆಕಿ ಹೆಸರಲೇ ದವಾಖಾನಿ ಆಯ್ತು. ನಮ್ಮ ದೇಶದಾಗೂ ಫಿಜಿಯೋಥೆರಪಿ ಬೆಳದದ್ದು ಪೋಲಿಯೋದಿಂದೇ. ಮುಂಬೈದ ಕೆಇಎಂ ದವಾಖಾನ್ಯಾಗ 1950ರ ದಶಕದ ಸುರುವಿಗೇ ವಿಶ್ವ ಆರೋಗ್ಯ ಸಂಸ್ಥೆ ಸಹಾಯದಿಂದ ಕಲಸೋ ಶಾಲಿ ತೆಗದ್ರು.

ವೆಲ್ಲೂರಿನಾಗ ಪಾಲ್ ಬ್ರ್ಯಾಂಡ್ ಡಾಕ್ಟರ್ ಕುಷ್ಠ ಆದವರ ಕೈ ಆಪರೇಶನ್ ಮಾಡ್ತಿದ್ರು. ಉಂಗುರಬೆರಳಿನ ಸ್ನಾಯುವಿನ ದಾರ ತೆಗದು ಹೆಬ್ಬಟ್ಟಿಗಿ ಜೋಡಸೋದು. ಆಮ್ಯಾಲ ಫಿಜಿಯೋದವರು 'ಉಂಗುರಬೆರಳು ಮಡಚು' ಅನ್ನಬೇಕು, ರೋಗಿ ಮಡಚಬೇಕು, ಆಡೋದು ಹೆಬ್ಬಟ್ಟು! ಅವರೂ ನಮ್ಮ ಅತ್ತಿಯಂಗೇ ಕಣ್ಣು ಬಿಟ್ಟಿರಬೇಕು. ಅಲ್ಲೇ ಮೇರಿ ವರ್ಗೀಸ್ ಅಂಬೋ ಡಾಕ್ಟರ್ ಬಾಯಿ ಇದ್ದರು, ಕೊಚ್ಚಿ ಕಡಿಯವರು. 1954ರಾಗ ಗಾಡಿ ಅಪಘಾತ ಆಗಿ ಸೊಂಟದ ಕೆಳಗ ಪೂರಾ ಹೋಯ್ತು. ಗಾಲಿ ಕುರ್ಚ್ಯಾಗ ಕುಂತೇ ಕುಷ್ಠ ರೋಗಿಗಳ ಕೈ ಆಪರೇಶನ್ ಮಾಡಿದ್ರು, ಕುರ್ಚಿ ಸಮೇತ ನ್ಯೂಯಾರ್ಕಿಗಿ ಹೋಗಿ ಕಲ್ತು ಬಂದು 1960ರ ದಶಕದಾಗ ವೆಲ್ಲೂರಿನ ಪುನರ್ವಸತಿ ವಿಭಾಗ ನಡಸಿದ್ರು. 1972ರಾಗ ಪದ್ಮಶ್ರೀ ಕೊಟ್ಟರು.

ಅತ್ತಿ ಕೈ ಮೊದಲಿನಂಗ ಆಗಿಲ್ಲ. ರೊಟ್ಟಿ ಬಡೀಲಿಕ್ಕಿ ಬರಲ್ಲ, ತಟ್ಟಿದ್ರ ಒಂದು ಕಡಿ ದಪ್ಪ ಆಯ್ತದ. ಆದ್ರ ಬಲಗೈಲಿ ತುತ್ತು ಬಾಯಿ ಮುಟ್ಟತದ, ಶೇಂಗಾ ಸುಲೀತಾರ, ಸೀರಿ ನೆರಿಗಿ ಹಿಡೀತಾರ. ಕನ್ನಡಿ ಇನ್ನಾ ಅಲಮಾರಿ ಬಾಜೂ ವಾಪಸ್ ಏರಿಲ್ಲ, ಹೊರಸಿನ ಹತ್ರ ಅವರು ಇಟ್ಟಲ್ಲೇ ಅದ. ನಿಮ್ಮ ಮನ್ಯಾಗ ಯಾರಿಗರ ಬೇಕಾದ್ರ ಬಂದು ಒಯ್ರಿ. ಮೊದಲ ಫಿಜಿಯೋದವರಿಗಿ ತೋರಸ್ರಿ, ಕೈ ಯಾವ ಹಂತಕ್ಕ ಬಂದದ ನೋಡೇ ಅವರು ಹೇಳ್ತಾರ. ಕನ್ನಡಿ ಉದ್ದ ಮೊಳಕೈ ತನಾ ಮುಚ್ಚಬೇಕು, ಸಣ್ಣದು ನಡ್ಯಲ್ಲ.