ಆವೃತ್ತಿ ನಿಯಂತ್ರಣ

ಆವೃತ್ತಿ ನಿಯಂತ್ರಣವು ತಂತ್ರಾಂಶದ ಆಕರ ಸಂಕೇತ ಹಾಗೂ ಇತರ ಕಡತಗಳಲ್ಲಿ ಕಾಲಕ್ರಮೇಣ ಆಗುವ ಬದಲಾವಣೆಗಳನ್ನು ದಾಖಲಿಸುವ ವ್ಯವಸ್ಥೆ. ಯಾವ ಬದಲಾವಣೆಯನ್ನು ಯಾರು, ಯಾವಾಗ, ಏಕೆ ಮಾಡಿದರು ಎಂಬುದನ್ನು ಇದು ಉಳಿಸಿಕೊಳ್ಳುತ್ತದೆ. ಅಗತ್ಯವಾದಾಗ ಹಿಂದಿನ ಯಾವುದೇ ಸ್ಥಿತಿಯನ್ನು ಮರಳಿ ಪಡೆಯಲು ಅವಕಾಶ ನೀಡುತ್ತದೆ. ಒಂದೇ ಕಡತದ ಮೇಲೆ ಹಲವರು ಏಕಕಾಲದಲ್ಲಿ ಕೆಲಸ ಮಾಡುವ ತಂಡಗಳಿಗೆ ಇದು ಅನಿವಾರ್ಯ ಸಾಧನವಾಗಿದೆ. ಇಂದು ಅತ್ಯಂತ ವ್ಯಾಪಕವಾಗಿ ಬಳಕೆಯಲ್ಲಿರುವ ಆವೃತ್ತಿ ನಿಯಂತ್ರಣ ತಂತ್ರಾಂಶ ಗಿಟ್.

ಹಿನ್ನೆಲೆ

ಒಂದೇ ಪಠ್ಯದ ಹಲವು ಪ್ರತಿಗಳು ಪರಸ್ಪರ ಬೇರೆಯಾಗುವ ಸಮಸ್ಯೆ ಗಣಕಯಂತ್ರಕ್ಕಿಂತ ಬಹಳ ಹಳೆಯದು. ಅಶೋಕನ ಕಿರು ಶಿಲಾಶಾಸನದ ಮೂರು ಪ್ರತಿಗಳು ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿವೆ. ಇವನ್ನು 1892ರಲ್ಲಿ ಬಿ. ಎಲ್. ರೈಸ್ ಬೆಳಕಿಗೆ ತಂದರು. ಜಟಿಂಗ ರಾಮೇಶ್ವರದ ಪ್ರತಿ ಬಹಳ ಸವೆದಿರುವುದರಿಂದ ಅದನ್ನು ಉಳಿದೆರಡರ ನೆರವಿನಿಂದಲೇ ಓದಬೇಕಾಗುತ್ತದೆ. ಶಾಸನವನ್ನು ಬರೆದ ಚಪಡ ಎಂಬಾತ ತನ್ನ ಹೆಸರನ್ನು ನಮೂದಿಸಿ, ಲಿಪಿಕಾರನೆಂಬ ಪದವನ್ನು ಮಾತ್ರ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಬರೆದವರು ಯಾರೆಂಬುದು ಹೀಗೆ ಉಳಿದಿದೆ. ಪ್ರತಿಗಳ ನಡುವಿನ ವ್ಯತ್ಯಾಸಗಳು ಯಾವ ಹಂತದಲ್ಲಿ, ಯಾವ ಕಾರಣದಿಂದ ಬಂದವು ಎಂಬುದನ್ನು ಮಾತ್ರ ವಿದ್ವಾಂಸರು ಊಹಿಸಬೇಕು. ಅದೇ ಮಾಹಿತಿಯನ್ನು ಕೆಲಸ ನಡೆಯುವಾಗಲೇ ಬರೆದಿಡುವುದು ಆವೃತ್ತಿ ನಿಯಂತ್ರಣದ ಉದ್ದೇಶ.

ಗಣಕ ಕ್ಷೇತ್ರದಲ್ಲಿ ಇದರ ಆರಂಭ 1972ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಮಾರ್ಕ್ ರೋಚ್‌ಕೈಂಡ್ ರೂಪಿಸಿದ ಎಸ್‌ಸಿಸಿಎಸ್‌ನಿಂದ ಆಯಿತು. ಆರ್‌ಸಿಎಸ್, ಸಿವಿಎಸ್ ಮತ್ತು ಸಬ್‌ವರ್ಷನ್ ಅನಂತರ ಬಂದವು. ಲಿನಕ್ಸ್ ಕರ್ನೆಲ್ ತಂಡವು ಬಳಸುತ್ತಿದ್ದ ಬಿಟ್‌ಕೀಪರ್ ತಂತ್ರಾಂಶದ ಉಚಿತ ಪರವಾನಗಿ ರದ್ದಾದಾಗ, ಲಿನಸ್ ಟೋರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಗಿಟ್ ಅನ್ನು ಬರೆದರು. ಅದೇ ವರ್ಷದ ಜುಲೈಯಿಂದ ಜುನಿಯೊ ಹಮಾನೊ ಅದರ ನಿರ್ವಾಹಕರಾಗಿದ್ದಾರೆ. ಗಿಟ್‌ಹಬ್ ತಾಣ 2008ರಲ್ಲಿ ಆರಂಭವಾಯಿತು. ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿ ತಂತ್ರಾಂಶವು 2012ರಲ್ಲಿ ಸಬ್‌ವರ್ಷನ್‌ನಿಂದ ಗಿಟ್‌ಗೆ ಬದಲಾಯಿತು.

ಮೂಲ ಪರಿಕಲ್ಪನೆಗಳು

ಯೋಜನೆಯ ಕಡತಗಳು ಮತ್ತು ಅವುಗಳ ಪೂರ್ಣ ಇತಿಹಾಸ ಸೇರಿ ರೆಪಾಸಿಟರಿ ಅಥವಾ ಭಂಡಾರವಾಗುತ್ತದೆ. ಗಿಟ್ ವಿಕೇಂದ್ರೀಕೃತ ವ್ಯವಸ್ಥೆಯಾದ್ದರಿಂದ ಸಾಮಾನ್ಯವಾಗಿ ಪ್ರತಿ ಸದಸ್ಯರ ಗಣಕದಲ್ಲೂ ಇಡೀ ಇತಿಹಾಸದ ಪ್ರತಿ ಇರುತ್ತದೆ. ಅಂತರಜಾಲ ಸಂಪರ್ಕ ಇಲ್ಲದಿರುವಾಗಲೂ ಕೆಲಸವನ್ನು ದಾಖಲಿಸಬಹುದು. ಹೀಗೆ ದಾಖಲಾದ ಒಂದೊಂದು ಹಂತವನ್ನು ಕಮಿಟ್ ಎನ್ನುತ್ತಾರೆ. ಅದರಲ್ಲಿ ಕಡತಗಳ ಆ ಕ್ಷಣದ ಸ್ಥಿತಿ, ಲೇಖಕರ ಹೆಸರು, ದಿನಾಂಕ, ವಿವರಣೆ ಮತ್ತು ಹಿಂದಿನ ಕಮಿಟ್‌ನ ಗುರುತು ಇರುತ್ತವೆ. ಇವೆಲ್ಲವುಗಳಿಂದ ಲೆಕ್ಕ ಹಾಕಿದ 40 ಅಂಕಾಕ್ಷರಗಳ ಎಸ್‌ಎಚ್‌ಎ-1 ಮೌಲ್ಯವೇ ಅದರ ಗುರುತು. ಹಳೆಯ ಕಮಿಟ್‌ನಲ್ಲಿ ಒಂದು ಅಕ್ಷರ ಬದಲಾದರೂ ಅದರ ಮತ್ತು ಅದರ ನಂತರದ ಎಲ್ಲ ಕಮಿಟ್‌ಗಳ ಗುರುತುಗಳು ಬದಲಾಗುತ್ತವೆ. ಹೀಗಾಗಿ ಇತಿಹಾಸವನ್ನು ಯಾರಿಗೂ ತಿಳಿಯದಂತೆ ತಿದ್ದುವುದು ಕಷ್ಟ.

ಮುಖ್ಯ ಧಾರೆಗೆ ಧಕ್ಕೆಯಾಗದಂತೆ ಪ್ರತ್ಯೇಕವಾಗಿ ಸಾಗುವ ಕಮಿಟ್‌ಗಳ ಸಾಲು ಬ್ರಾಂಚ್ ಅಥವಾ ಶಾಖೆ. ಅದನ್ನು ಮರಳಿ ಸೇರಿಸುವ ಕ್ರಿಯೆ ವಿಲೀನ.

ತಂಡದ ಕಾರ್ಯವಿಧಾನ

ಸಾಮಾನ್ಯ ಕ್ರಮದಲ್ಲಿ ಮುಖ್ಯ ಶಾಖೆ ಯಾವಾಗಲೂ ಚಾಲನೆಯಲ್ಲಿಡಬಹುದಾದ ಸ್ಥಿತಿಯಲ್ಲಿರುತ್ತದೆ. ಸದಸ್ಯರೊಬ್ಬರು ಅದರಿಂದ ಹೊಸ ಶಾಖೆ ತೆಗೆದು, ಒಂದೇ ಉದ್ದೇಶದ ಚಿಕ್ಕ ಕಮಿಟ್‌ಗಳನ್ನು ಮಾಡಿ, ಪುಲ್ ರಿಕ್ವೆಸ್ಟ್ ಮೂಲಕ ವಿಲೀನವನ್ನು ಕೋರುತ್ತಾರೆ. ಸ್ವಯಂಚಾಲಿತ ಪರೀಕ್ಷೆಗಳು ನಡೆಯುತ್ತವೆ. ಮತ್ತೊಬ್ಬ ಸದಸ್ಯರಾದರೂ ಓದಿ ಒಪ್ಪಿದ ಮೇಲೆ ಶಾಖೆಯನ್ನು ವಿಲೀನಗೊಳಿಸಿ ಅಳಿಸಲಾಗುತ್ತದೆ. ಪರಿಶೀಲನೆಯಿಂದ ದೋಷಗಳು ಸಿಗುವುದು ಒಂದು ಲಾಭ. ಸಂಕೇತದ ಯಾವ ಭಾಗವೂ ಒಬ್ಬರಿಗೆ ಮಾತ್ರ ಗೊತ್ತಿರುವಂತಾಗದಿರುವುದು ಅದಕ್ಕಿಂತ ದೊಡ್ಡ ಲಾಭ.

ಕಮಿಟ್‌ನ ವಿವರಣೆ ಬಹಳ ತಂಡಗಳಲ್ಲಿ ನಿರ್ಲಕ್ಷ್ಯಕ್ಕೆ ಒಳಗಾಗುತ್ತದೆ. ಏನು ಬದಲಾಯಿತು ಎಂಬುದನ್ನು ಕಡತವೇ ತೋರಿಸುತ್ತದೆ. ಏಕೆ ಬದಲಾಯಿತು ಎಂಬುದನ್ನು ಬರೆದವರು ಮಾತ್ರ ಹೇಳಬಲ್ಲರು. ‘ಸರಿಪಡಿಸಲಾಗಿದೆ’ ಎಂಬ ಒಂದು ಪದದ ವಿವರಣೆ ಎರಡು ವರ್ಷಗಳ ನಂತರ ಬರೆದವರಿಗೇ ಅರ್ಥವಾಗುವುದಿಲ್ಲ. ಕಮಿಟ್‌ಗಳು ಚಿಕ್ಕದಾಗಿದ್ದರೆ ದೋಷದ ಮೂಲವನ್ನು ಬೈಸೆಕ್ಟ್ ಆದೇಶದಿಂದ ಬೇಗ ಹುಡುಕಬಹುದು: ಇತಿಹಾಸವನ್ನು ಪ್ರತಿ ಬಾರಿ ಅರ್ಧಕ್ಕೆ ಇಳಿಸುತ್ತ ಹೋಗುವುದರಿಂದ 1,000 ಕಮಿಟ್‌ಗಳ ನಡುವಿನ ದೋಷ ಸುಮಾರು 10 ಪರೀಕ್ಷೆಗಳಲ್ಲಿ ಸಿಗುತ್ತದೆ.

ವಿನ್ಸೆಂಟ್ ಡ್ರಿಸೆನ್ 2010ರಲ್ಲಿ ಪ್ರಕಟಿಸಿದ ಗಿಟ್-ಫ್ಲೋ ಪದ್ಧತಿಯಲ್ಲಿ ಅಭಿವೃದ್ಧಿ, ಬಿಡುಗಡೆ ಮತ್ತು ತುರ್ತು ತಿದ್ದುಪಡಿಗಳಿಗೆ ಬೇರೆ ಬೇರೆ ಶಾಖೆಗಳಿವೆ. ಹಲವು ಆವೃತ್ತಿಗಳನ್ನು ಒಟ್ಟಿಗೆ ನಿರ್ವಹಿಸುವ ಉತ್ಪನ್ನಗಳಿಗೆ ಇದು ಉಪಯುಕ್ತ. ನಿರಂತರವಾಗಿ ಬಿಡುಗಡೆಯಾಗುವ ಜಾಲತಾಣಗಳಿಗೆ ಇದಕ್ಕಿಂತ ಸರಳವಾದ ಪದ್ಧತಿ ಸೂಕ್ತವೆಂದು ಡ್ರಿಸೆನ್ ಅವರೇ 2020ರಲ್ಲಿ ಟಿಪ್ಪಣಿ ಸೇರಿಸಿದರು. ನಾಲ್ಕೈದು ಜನರ ತಂಡಕ್ಕೆ ಒಂದು ಮುಖ್ಯ ಶಾಖೆ ಮತ್ತು ಒಂದೆರಡು ದಿನ ಮಾತ್ರ ಬಾಳುವ ಉಪಶಾಖೆಗಳು ಸಾಕು.

ಸಂಘರ್ಷ

ಚಿತ್ರದುರ್ಗ ಜಿಲ್ಲೆಯ ತಾಲ್ಲೂಕುಗಳನ್ನು ಸಾಲಿಗೊಂದರಂತೆ ಬರೆದ ಕಡತವಿದೆ ಎಂದುಕೊಳ್ಳಬಹುದು. ಒಬ್ಬರು ಚಳ್ಳಕೆರೆಯ ಸಾಲನ್ನೂ ಮತ್ತೊಬ್ಬರು ದೂರದಲ್ಲಿರುವ ಮೊಳಕಾಲ್ಮೂರಿನ ಸಾಲನ್ನೂ ತಿದ್ದಿದರೆ ಗಿಟ್ ಎರಡನ್ನೂ ತಾನೇ ಸೇರಿಸುತ್ತದೆ. ಇಬ್ಬರೂ ಒಂದೇ ಸಾಲನ್ನು ಬೇರೆ ಬೇರೆಯಾಗಿ ತಿದ್ದಿದರೆ, ಅಥವಾ ಒತ್ತೊತ್ತಾಗಿರುವ ಸಾಲುಗಳನ್ನು ತಿದ್ದಿದರೆ, ಅದು ಸಂಘರ್ಷವೆಂದು ಗುರುತಿಸಿ ನಿರ್ಧಾರವನ್ನು ಮನುಷ್ಯರಿಗೆ ಬಿಡುತ್ತದೆ. ಆಗ ಇನ್ನೊಬ್ಬರ ಸಾಲನ್ನು ಓದದೆ ಅಳಿಸುವುದು ತಂಡಗಳಲ್ಲಿ ಕೆಲಸ ಕಳೆದುಹೋಗುವ ಸಾಮಾನ್ಯ ಮಾರ್ಗ. ಅದಕ್ಕಿಂತ ಅಪಾಯಕಾರಿಯಾದುದು, ಯಾವ ಸಂಘರ್ಷವನ್ನೂ ತೋರಿಸದೆ ವಿಲೀನಗೊಂಡು, ಅರ್ಥದಲ್ಲಿ ಮಾತ್ರ ಹೊಂದದಿರುವ ಬದಲಾವಣೆ. ಇದನ್ನು ಪರೀಕ್ಷೆಗಳೇ ಹಿಡಿಯಬೇಕು.

ಕನ್ನಡ ಪಠ್ಯದ ವಿಶೇಷ ಸಮಸ್ಯೆಗಳು

ಗಿಟ್ ಅಕ್ಷರಗಳನ್ನಲ್ಲ, ಬೈಟ್‌ಗಳನ್ನು ಹೋಲಿಸುತ್ತದೆ. ಯುನಿಕೋಡ್‌ನಲ್ಲಿ ‘ಮೊಳಕಾಲ್ಮೂರು’ ಪದದ ಮೊದಲ ಅಕ್ಷರವನ್ನು ಮಕಾರ ಮತ್ತು ಒಂದೇ ಸ್ವರಚಿಹ್ನೆಯಾಗಿ ಉಳಿಸಬಹುದು. ಮಕಾರ, ಎತ್ವ ಮತ್ತು ಊಕಾರದ ಚಿಹ್ನೆಗಳಾಗಿಯೂ ಉಳಿಸಬಹುದು. ಯುಟಿಎಫ್-8 ಕ್ರಮದಲ್ಲಿ ಮೊದಲನೆಯದು 6 ಬೈಟ್, ಎರಡನೆಯದು 9 ಬೈಟ್. ಯುನಿಕೋಡ್ ನಿಯಮದಂತೆ ಎರಡೂ ಸಮಾನ. ತೆರೆಯ ಮೇಲೆ ಕಣ್ಣಿಗೆ ಕಾಣುವ ವ್ಯತ್ಯಾಸವಿರಬೇಕಿಲ್ಲ. ಆದರೂ ಗಿಟ್ ಸಾಲು ಬದಲಾಗಿದೆ ಎನ್ನುತ್ತದೆ, ಹೆಸರನ್ನು ಹಾಗೆಯೇ ಹೋಲಿಸುವ ತಂತ್ರಾಂಶವು ಒಂದು ತಾಲ್ಲೂಕನ್ನು ಎರಡೆಂದು ಎಣಿಸುತ್ತದೆ, ಹುಡುಕಿದವರಿಗೆ ಅರ್ಧ ದಾಖಲೆಗಳು ಸಿಗದೇ ಹೋಗುತ್ತವೆ. ಲಕಾರದ ನಂತರ ಒತ್ತಕ್ಷರ ಮೂಡದಂತೆ ಸೇರಿಸುವ, ಕಣ್ಣಿಗೆ ಕಾಣದ ಚಿಹ್ನೆಯಿಂದಲೂ ಇದೇ ತೊಂದರೆ. ಕಮಿಟ್‌ಗೆ ಮೊದಲು ಪಠ್ಯವನ್ನು ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತರುವ ಸ್ವಯಂಚಾಲಿತ ತಪಾಸಣೆ ಮೊದಲ ಬಗೆಯ ದೋಷವನ್ನು ನಿವಾರಿಸುತ್ತದೆ. ಎರಡನೆಯದಕ್ಕೆ ತಂಡವೇ ಒಂದು ನಿಯಮ ಮಾಡಿಕೊಳ್ಳಬೇಕು. ‘ಮೊಳಕಾಲ್ಮುರು’ ಎಂಬ ಹ್ರಸ್ವ ರೂಪವೂ ಬಳಕೆಯಲ್ಲಿದ್ದು, ಅದನ್ನು ಯಾವ ತಪಾಸಣೆಯೂ ತಾನಾಗಿ ಸರಿಪಡಿಸಲಾರದು.

ಕನ್ನಡದ ಕಡತ ಹೆಸರುಗಳನ್ನು ಗಿಟ್ ಸಾಮಾನ್ಯವಾಗಿ \340\262 ಎಂದು ಆರಂಭವಾಗುವ ಅಂಕಿಗಳ ಸಾಲಾಗಿ ತೋರಿಸುತ್ತದೆ. ಇದರಿಂದ ಕಡತ ಹಾಳಾಗಿದೆ ಎಂದು ಹೊಸಬರು ಭಾವಿಸುವುದುಂಟು. ಕೋಟ್‌ಪಾತ್ ಎಂಬ ಆಯ್ಕೆಯನ್ನು ನಿಷ್ಕ್ರಿಯಗೊಳಿಸಿದರೆ ಹೆಸರುಗಳು ಕನ್ನಡದಲ್ಲೇ ಕಾಣುತ್ತವೆ. ನುಡಿ ಮುಂತಾದ ತಂತ್ರಾಂಶಗಳ ಹಳೆಯ ಎನ್‌ಕೋಡಿಂಗ್‌ನಲ್ಲಿರುವ ಪಠ್ಯವನ್ನು ಯುನಿಕೋಡ್‌ಗೆ ಪರಿವರ್ತಿಸಿಯೇ ಸೇರಿಸುವುದು ಲೇಸು. ಇಲ್ಲವಾದರೆ ಹೋಲಿಕೆಯಲ್ಲಿ ಓದಲಾಗದ ರೋಮನ್ ಅಕ್ಷರಗಳೇ ಕಾಣುತ್ತವೆ. ದೀರ್ಘ ಗದ್ಯವನ್ನು ವಾಕ್ಯಕ್ಕೊಂದು ಸಾಲಿನಂತೆ ಬರೆದರೆ ಪರಿಶೀಲನೆ ಸುಲಭ.

ತಪ್ಪುಗಳ ತಿದ್ದುಪಡಿ

ಹಂಚಿಕೊಂಡ ಶಾಖೆಯಲ್ಲಿ ತಪ್ಪಾದಾಗ ರಿವರ್ಟ್ ಬಳಸುವುದು ರೂಢಿ. ಇದು ಹಳೆಯ ಕಮಿಟ್ ಅನ್ನು ಅಳಿಸದೆ, ಅದನ್ನು ರದ್ದುಪಡಿಸುವ ಹೊಸ ಕಮಿಟ್ ಸೇರಿಸುತ್ತದೆ. ಇತಿಹಾಸವನ್ನೇ ಬದಲಿಸಿ ಬಲವಂತವಾಗಿ ಪುಶ್ ಮಾಡಿದರೆ ಇತರರ ಪ್ರತಿಗಳೊಂದಿಗೆ ಹೊಂದಾಣಿಕೆ ತಪ್ಪುತ್ತದೆ. ಆದ್ದರಿಂದ ಮುಖ್ಯ ಶಾಖೆಗೆ ಬಲವಂತದ ಪುಶ್ ಅನ್ನು ನಿಷೇಧಿಸಿರುವುದು ಸಾಮಾನ್ಯ.

ಗುಪ್ತಪದ ಅಥವಾ ಪ್ರವೇಶ ಕೀಲಿಯನ್ನು ಕಮಿಟ್ ಮಾಡಿದ್ದರೆ, ಮುಂದಿನ ಕಮಿಟ್‌ನಲ್ಲಿ ಅಳಿಸುವುದರಿಂದ ಪ್ರಯೋಜನವಿಲ್ಲ. ಹಿಂದಿನ ಕಮಿಟ್‌ನಲ್ಲಿ ಅದು ಓದಲು ಸಿಗುತ್ತಲೇ ಇರುತ್ತದೆ. ಅಂತಹ ಗುಪ್ತಪದವನ್ನು ತಕ್ಷಣ ರದ್ದುಪಡಿಸಿ ಹೊಸದನ್ನು ಪಡೆಯಬೇಕು. ಇತಿಹಾಸವನ್ನು ಶುದ್ಧಗೊಳಿಸುವ ಕೆಲಸ ಅದರ ನಂತರದ್ದು.