ಯಾರ ಅಪ್ಪಣೆ ಪಡೆದು ಮಾತಾಡಬೇಕು?

ಮಾತಾಡುವ ಹಕ್ಕು ಈ ದೇಶಕ್ಕೆ ಎಲ್ಲಿಂದ ಬಂತು ಅಂತ ಕಾಲೇಜಿನ ಪುಸ್ತಕಗಳನ್ನು ಕೇಳಿದರೆ ಸಿದ್ಧ ಉತ್ತರವೊಂದು ಸಿಗುತ್ತದೆ. ಅಮೆರಿಕದವರು 1791ರಲ್ಲಿ ತಮ್ಮ ಸಂವಿಧಾನಕ್ಕೆ ಮೊದಲ ತಿದ್ದುಪಡಿ ತಂದರು, ಮಾತಿಗೂ ಪತ್ರಿಕೆಗೂ ಧರ್ಮಕ್ಕೂ ಸರ್ಕಾರ ಕೈ ಹಾಕಬಾರದು ಎಂದರು, ನಾವು ಅದನ್ನು ನೋಡಿ 19ನೇ ವಿಧಿ ಬರೆದುಕೊಂಡೆವು. ಪರೀಕ್ಷೆಗೆ ಇಷ್ಟು ಸಾಕು. ಆದರೆ ಹರಿಹರ, ದಾವಣಗೆರೆಯ ಕೇರಿಗಳಲ್ಲಿ ನಿಂತು ಅದೇ ಪ್ರಶ್ನೆ ಕೇಳಿದರೆ ಈ ಉತ್ತರ ಅರ್ಧಕ್ಕೇ ನಿಲ್ಲುತ್ತದೆ. ಯಾಕೆಂದರೆ ನಮ್ಮ ಹಿರಿಯರ ಬಾಯಿ ಕಟ್ಟಿದ್ದು ಸರ್ಕಾರ ಒಂದೇ ಅಲ್ಲ. ಊರು ಕಟ್ಟಿತ್ತು, ಗುಡಿ ಕಟ್ಟಿತ್ತು, ಗೌಡರ ಕಟ್ಟೆ ಕಟ್ಟಿತ್ತು.

ಹಾಗಂತ ಅಮೆರಿಕದ ಮಾತು ನಮಗೆ ಸಂಬಂಧವಿಲ್ಲ ಅಂತ ತಳ್ಳಿಹಾಕುವಂತಿಲ್ಲ. ಸಂಬಂಧ ಇದೆ, ಬಹಳ ಗಟ್ಟಿಯಾಗಿಯೇ ಇದೆ. ಅದು ಯಾವ ಅಮೆರಿಕದ ಜೊತೆ ಎಂಬುದನ್ನು ಮಾತ್ರ ನಾವೇ ಆರಿಸಿಕೊಳ್ಳಬೇಕಾಗಿದೆ.

ಮೊದಲಿಗೆ ಒಬ್ಬ ಬೋಧಕ. ರಾಜರ್ ವಿಲಿಯಮ್ಸ್ ಎಂಬ ಪಾದ್ರಿ, ಸರ್ಕಾರಕ್ಕೆ ಜನರ ನಂಬಿಕೆಯ ಮೇಲೆ ಅಧಿಕಾರವಿಲ್ಲ ಅಂತ ಸಾರಿದ್ದಕ್ಕೆ ಮ್ಯಾಸಚೂಸೆಟ್ಸ್ ವಸಾಹತಿನವರು 1635ರಲ್ಲಿ ಅವನಿಗೆ ಗಡೀಪಾರು ಹೇಳಿದರು. ಇಂಗ್ಲೆಂಡಿನ ಧಾರ್ಮಿಕ ಕಾಟ ತಾಳಲಾರದೆ ಹಡಗು ಹತ್ತಿ ಬಂದವರೇ, ದಡ ಸೇರಿದ ಮೇಲೆ ತಮ್ಮ ಮಾತು ಮೀರಿದವನನ್ನು ಊರು ಬಿಡಿಸಿದರು. ಹಿಮದ ಕಾಲದಲ್ಲಿ ಅವನಿಗೆ ನೆಲೆ ಕೊಟ್ಟವರು ಅಲ್ಲಿನ ಮೂಲನಿವಾಸಿಗಳು. 1644ರಲ್ಲಿ ಅವನು ಲಂಡನ್ನಿನಲ್ಲಿ ತನ್ನ ವಾದವನ್ನು ಪುಸ್ತಕವಾಗಿ ಅಚ್ಚು ಹಾಕಿಸಿದಾಗ ಪಾರ್ಲಿಮೆಂಟು ಅದನ್ನು ಸುಡಲು ಆಜ್ಞೆ ಮಾಡಿತು.

ಎರಡನೆಯವನು ಟಾಮ್ ಪೇಯ್ನ್. ಹೆಂಗಸರ ಬಿಗಿಕಂಚುಕ ಹೊಲಿಯುವ ಕಸುಬಿನವನ ಮಗ. 1774ರಲ್ಲಿ ಅಮೆರಿಕಕ್ಕೆ ಬಂದ, 1776ರ ಜನವರಿಯಲ್ಲಿ 'ಕಾಮನ್ ಸೆನ್ಸ್' ಬರೆದ. ಕೂಲಿಕಾರರಿಗೂ ತಿಳಿಯುವ ಭಾಷೆಯಲ್ಲಿ ರಾಜತ್ವವನ್ನೇ ಪ್ರಶ್ನಿಸಿದ. 1791-92ರಲ್ಲಿ ಬಂದ ಅವನ 'ರೈಟ್ಸ್ ಆಫ್ ಮ್ಯಾನ್' ಪುಸ್ತಕಕ್ಕಾಗಿ ಇಂಗ್ಲೆಂಡಿನ ಕೋರ್ಟು ಅವನು ಎದುರಿಗಿಲ್ಲದೆಯೇ ವಿಚಾರಣೆ ನಡೆಸಿ ರಾಜದ್ರೋಹದ ಅಪರಾಧಿ ಎಂದಿತು. ಪುರೋಹಿತರ ಮೇಲೆ ಬರೆದದ್ದಕ್ಕೆ ಅಮೆರಿಕದವರೇ ಅವನನ್ನು ದೂರ ಇಟ್ಟರು. 1809ರಲ್ಲಿ ಅವನು ಸತ್ತಾಗ ಮಣ್ಣಿಗೆ ಬಂದವರು ಬೆರಳೆಣಿಕೆಯ ಜನ.

ಇನ್ನು 1791ರ ಆ ಮೊದಲ ತಿದ್ದುಪಡಿ. ಅದನ್ನು ಬರೆದ ದೊಡ್ಡ ಮನುಷ್ಯರಲ್ಲಿ ಎಷ್ಟೋ ಜನ ಗುಲಾಮರನ್ನು ಇಟ್ಟುಕೊಂಡವರು. ಮಾತು ಸ್ವತಂತ್ರ ಎಂದು ಕಾಗದದಲ್ಲಿ ಬರೆದ ಅದೇ ನೆಲದಲ್ಲಿ, ಗುಲಾಮನಿಗೆ ಅಕ್ಷರ ಕಲಿಸುವುದು ಅಪರಾಧವಾಗಿತ್ತು. ಸೌತ್ ಕೆರೊಲಿನಾ 1740ರಲ್ಲೇ ಗುಲಾಮರಿಗೆ ಬರವಣಿಗೆ ಕಲಿಸಬಾರದು ಎಂದು ಕಾನೂನು ಮಾಡಿತ್ತು. ವೇದ ಕೇಳಿದ ಶೂದ್ರನ ಕಿವಿಗೆ ಕಾದ ಸೀಸ ಹೊಯ್ಯಬೇಕೆಂದ ಧರ್ಮಶಾಸ್ತ್ರ ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆಯಲ್ಲಿ ಮೊದಲ ಸಲ ಅಕ್ಷರ ಕಲಿತ ತಲೆಮಾರಿನವರು ನಾವು. ಅಕ್ಷರಕ್ಕೆ ಕಾವಲು ಯಾಕೆ ಹಾಕುತ್ತಾರೆ ಅನ್ನೋದು ನಮ್ಮ ಅವ್ವಂದಿರಿಗೂ ಗೊತ್ತು: "ಓದಿದೋನು ಎದುರು ಮಾತಾಡ್ತಾನ, ಅದಕ್ಕಾ ಅವರಿಗೆ ಓದು ಅಂದ್ರ ಆಗಲ್ಲ."

ಹೀಗಾಗಿ ನಮ್ಮ ಬಂಧುಗಳನ್ನು ನಾವು ಆ ತಿದ್ದುಪಡಿಯ ಸಹಿಗಳಲ್ಲಿ ಹುಡುಕುವುದಿಲ್ಲ, ಬಾಸ್ಟನ್ನಿನ ಹಳೇ ಬಟ್ಟೆ ಅಂಗಡಿಯಲ್ಲಿ ಹುಡುಕುತ್ತೇವೆ. ಡೇವಿಡ್ ವಾಕರ್ ಎಂಬ ಕರಿಯ 1829ರಲ್ಲಿ ಗುಲಾಮಗಿರಿಯ ವಿರುದ್ಧ 'ಅಪೀಲ್' ಎಂಬ ಕಿರುಹೊತ್ತಿಗೆ ಅಚ್ಚು ಹಾಕಿಸಿದ. ಅವನದು ಹಳೇ ಬಟ್ಟೆ ಮಾರುವ ಕಸುಬು. ನಾವಿಕರ ಬಟ್ಟೆಯ ಒಳಗೆ ಪುಸ್ತಕ ಇಟ್ಟು ಹೊಲಿದು ದಕ್ಷಿಣದ ಬಂದರುಗಳಿಗೆ ಕಳಿಸಿದ. ದಕ್ಷಿಣದ ರಾಜ್ಯಗಳು ನಡುಗಿದವು, ಪುಸ್ತಕ ಹಂಚುವವರ ವಿರುದ್ಧ ಕಾನೂನು ತಂದವು, ಅವನ ತಲೆಗೆ ಬೆಲೆ ಕಟ್ಟಲಾಯಿತು. ಎಲೈಜಾ ಲವ್‌ಜಾಯ್ ಎಂಬ ಬಿಳಿಯ ಪಾದ್ರಿ ಗುಲಾಮಗಿರಿ ವಿರೋಧಿಸಿ ಪತ್ರಿಕೆ ನಡೆಸಿದ. ಜನರ ಗುಂಪು ಅವನ ಅಚ್ಚಿನ ಯಂತ್ರವನ್ನು ಮತ್ತೆ ಮತ್ತೆ ಒಡೆಯಿತು. 1837ರ ನವೆಂಬರ್ 7ರಂದು ಇಲಿನಾಯ್ ರಾಜ್ಯದ ಆಲ್ಟನ್ ಊರಿನಲ್ಲಿ, ಹೊಸದಾಗಿ ತರಿಸಿದ ಯಂತ್ರ ಕಾಯುತ್ತಿದ್ದ ಅವನನ್ನು ಗುಂಡಿಕ್ಕಿ ಕೊಂದಿತು. ಇಲ್ಲೊಂದು ವಿಷಯ ಗಮನಿಸಬೇಕು. ಮೊದಲ ತಿದ್ದುಪಡಿ ಆಗ ಜಾರಿಯಲ್ಲೇ ಇತ್ತು. ಅದು ಕಾಂಗ್ರೆಸ್ಸಿನ ಕೈ ಕಟ್ಟಿತ್ತು, ಬೀದಿಯ ಕೈ ಕಟ್ಟಿರಲಿಲ್ಲ.

ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು, ಬರಹಗಾರನಾಗಿ ಪತ್ರಿಕೆ ಕಟ್ಟಿದ ಫ್ರೆಡರಿಕ್ ಡಗ್ಲಾಸ್ ಇದರ ಮರ್ಮ ಹಿಡಿದ. 1860ರ ಡಿಸೆಂಬರಿನಲ್ಲಿ ಬಾಸ್ಟನ್ನಿನಲ್ಲಿ ಅವನಿದ್ದ ಸಭೆಯನ್ನು ಗುಂಪೊಂದು ಮುರಿಯಿತು. ಕೆಲವೇ ದಿನಗಳಲ್ಲಿ ಅವನು ಅದೇ ಊರಿನಲ್ಲಿ ನಿಂತು ವಾದಿಸಿದ: ಮಾತು ತಡೆಯುವವನು ಎರಡು ಅನ್ಯಾಯ ಮಾಡುತ್ತಾನೆ, ಆಡುವವನ ಹಕ್ಕಿನ ಜೊತೆಗೆ ಕೇಳುವವನ ಹಕ್ಕನ್ನೂ ಕದಿಯುತ್ತಾನೆ. ಈ ವಾದವನ್ನು ನಾವು ಮರೆಯಬಾರದು. ಮುಂದೆ ಬೇಕಾಗುತ್ತದೆ.

ಇವೆಲ್ಲ ತುಂಗಭದ್ರೆಯ ದಡಕ್ಕೆ ಹೇಗೆ ಬಂದವು? ಪುಸ್ತಕಕ್ಕಿಂತ ಮೊದಲು ಬೀಜ ಬಂತು. 1840ರ ದಶಕದಲ್ಲಿ ಬ್ರಿಟಿಷರು ಅಮೆರಿಕದ ಹತ್ತಿ ಬೀಜವನ್ನು ಧಾರವಾಡ ಸೀಮೆಯ ಎರೆ ಹೊಲಗಳಿಗೆ ತಂದರು. ಪೇಟೆಯಲ್ಲಿ ಅದಕ್ಕೆ 'ಧಾರವಾಡ-ಅಮೆರಿಕನ್' ಅಂತಲೇ ಹೆಸರಾಯಿತು. 1861ರಿಂದ 1865ರವರೆಗೆ ಅಲ್ಲಿ ಗುಲಾಮಗಿರಿಯ ಮೇಲೆ ಯುದ್ಧ ನಡೆದಾಗ ಇಲ್ಲಿ ಹತ್ತಿಗೆ ಚಿನ್ನದ ಬೆಲೆ ಬಂತು. ಆ ಲಾಭ ಯಾರ ಮನೆ ಸೇರಿತೋ, ಹತ್ತಿ ಬಿಡಿಸಿದ ಕೈಗಳನ್ನಂತೂ ಸೇರಲಿಲ್ಲ. ಮುಂದೆ ಹತ್ತಿ ಗಿರಣಿಗಳಿಂದಲೇ ಹೆಸರಾದ ದಾವಣಗೆರೆಗೆ ಗುಲಾಮರ ಕಥೆ ದೂರದ ಕಥೆಯಲ್ಲ.

ವಿಚಾರ ಬಂದದ್ದು ಪುಣೆಯ ದಾರಿಯಲ್ಲಿ. ಮಾಲಿ ಜಾತಿಯ ಯುವಕ ಜೋತಿಬಾ ಫುಲೆ 1847ರ ಸುಮಾರಿಗೆ ಟಾಮ್ ಪೇಯ್ನನ 'ರೈಟ್ಸ್ ಆಫ್ ಮ್ಯಾನ್' ಓದಿದರು. ಅಹಮದ್‌ನಗರದಲ್ಲಿ ಅಮೆರಿಕನ್ ಮಿಷನ್ನಿನ ಸಿಂಥಿಯಾ ಫ್ಯಾರರ್ ನಡೆಸುತ್ತಿದ್ದ ಹೆಣ್ಣುಮಕ್ಕಳ ಶಾಲೆ ಕಂಡರು. 1848ರಲ್ಲಿ ಪುಣೆಯಲ್ಲಿ ಸಾವಿತ್ರಿಬಾಯಿ ಜೊತೆ ಸೇರಿ ಶಾಲೆ ತೆರೆದರು. 1873ರಲ್ಲಿ 'ಗುಲಾಮಗಿರಿ' ಬರೆದು ಅದನ್ನು ಅರ್ಪಿಸಿದ್ದು ಕರಿಯರ ಗುಲಾಮಗಿರಿ ಕಳೆದ ಅಮೆರಿಕದ ಸಜ್ಜನರಿಗೆ. ಲಂಡನ್ನಿನಲ್ಲಿ ಅಪರಾಧ ಎನಿಸಿದ ಪುಸ್ತಕ ಪುಣೆಯಲ್ಲಿ ಶಾಲೆಯ ಬಾಗಿಲಾಯಿತು.

ಫುಲೆಯನ್ನು ಗುರು ಎಂದ ಅಂಬೇಡ್ಕರ್ 1913ರಿಂದ 1916ರವರೆಗೆ ನ್ಯೂಯಾರ್ಕಿನ ಕೊಲಂಬಿಯಾದಲ್ಲಿ ಓದಿದರು. ಹಿಂದಿರುಗಿ 1920ರ ಜನವರಿ 31ರಂದು ತಂದ ಪತ್ರಿಕೆಗೆ 'ಮೂಕನಾಯಕ' ಅಂತ ಹೆಸರಿಟ್ಟರು. ಅದರ ಜಾಹೀರಾತನ್ನು ದುಡ್ಡು ಕೊಟ್ಟರೂ 'ಕೇಸರಿ' ಹಾಕಲಿಲ್ಲ. ಸ್ವರಾಜ್ಯ ಕೇಳುತ್ತಿದ್ದ ಪತ್ರಿಕೆಗೆ ಮೂಕರ ಹೆಸರು ಅಚ್ಚು ಹಾಕುವುದೂ ಭಾರವಾಯಿತು. 1854ರ ಜುಲೈ 4ರಂದು ಗ್ಯಾರಿಸನ್ ಎಂಬ ಪತ್ರಕರ್ತ ಗುಲಾಮಗಿರಿಗೆ ಒಪ್ಪಿದ ಅಮೆರಿಕದ ಸಂವಿಧಾನದ ಪ್ರತಿಯನ್ನು ಸುಟ್ಟಿದ್ದ. 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಮನುಸ್ಮೃತಿ ಸುಡಲಾಯಿತು. ಅದನ್ನು ನೋಡಿ ಇದು ಅಂತ ನಾವು ಹೇಳುತ್ತಿಲ್ಲ. ತುಳಿತ ಒಂದೇ ತೆರನಾದರೆ ಕಿಡಿಯೂ ಒಂದೇ ತೆರ. 1936ರಲ್ಲಿ ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲ ಅಧ್ಯಕ್ಷ ಭಾಷಣಕ್ಕೆ ಕರೆದು, ಬರೆದದ್ದನ್ನು ಓದಿ ಹೆದರಿ, ಕೆಲವು ಮಾತು ತೆಗೆಯಿರಿ ಎಂದಿತು. ಒಂದು ಅಲ್ಪವಿರಾಮವನ್ನೂ ಬದಲಿಸಲು ಅಂಬೇಡ್ಕರ್ ಒಪ್ಪಲಿಲ್ಲ. ಸಭೆ ನಿಂತಿತು. ಸ್ವಂತ ಖರ್ಚಿನಲ್ಲಿ 1500 ಪ್ರತಿ ಅಚ್ಚಾದವು, ಎರಡು ತಿಂಗಳಲ್ಲಿ ಮುಗಿದವು. ಲಾಹೋರಿನ ಕೇಳುಗರು ಕಳಕೊಂಡದ್ದನ್ನು ದೇಶ ಓದಿತು.

ಈಗ ಹರಿಹರಕ್ಕೆ ಬರೋಣ. ಕನ್ನಡದಲ್ಲಿ ದಲಿತ ಮಾತಿನ ಎರಡು ದೊಡ್ಡ ಗದ್ದಲಗಳ ಹಿಂದೆ ಇದೇ ಊರಿನ ಇಬ್ಬರು ಇದ್ದಾರೆ. ಒಬ್ಬರು ಬಿ. ಬಸವಲಿಂಗಪ್ಪ. ದೇವರಾಜ ಅರಸರ ಸಂಪುಟದಲ್ಲಿ ಮಂತ್ರಿಯಾಗಿ, ತಲೆ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಿದವರು. 1973ರ ನವೆಂಬರ್ 19ರಂದು ಮೈಸೂರಿನ ಸಭೆಯೊಂದರಲ್ಲಿ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂಬ ಮಾತು ಆಡಿದರು. ಒಪ್ಪದವರು ವಾದ ಮಾಡಬಹುದಿತ್ತು, ಇದೋ ಕಾಳು ಅಂತ ತೋರಿಸಬಹುದಿತ್ತು. ಆದದ್ದೇನು? ಬೀದಿಗೆ ಇಳಿದರು, ದಲಿತ ವಿದ್ಯಾರ್ಥಿಗಳ ಮೇಲೆ ಕೈ ಮಾಡಿದರು. ಮಂತ್ರಿ ರಾಜೀನಾಮೆ ಕೊಡಬೇಕಾಯಿತು. ಸಂವಿಧಾನ ಬಂದು 23 ವರ್ಷ ಕಳೆದಿತ್ತು. ಮಂತ್ರಿಯಾದ ದಲಿತನಿಗೂ ಸಾಹಿತ್ಯದ ಬಗ್ಗೆ ಅಭಿಪ್ರಾಯ ಹೇಳಲು ಊರಿನ ಅಪ್ಪಣೆ ಬೇಕಾಗಿತ್ತು.

ಇನ್ನೊಬ್ಬರು ಪ್ರೊ. ಬಿ. ಕೃಷ್ಣಪ್ಪ. 1938ರಲ್ಲಿ ಹರಿಹರದಲ್ಲಿ ಹುಟ್ಟಿ, ಭದ್ರಾವತಿಯ ಕಾಲೇಜಿನಲ್ಲಿ ಕನ್ನಡ ಮೇಷ್ಟರಾದವರು. ಬೂಸಾ ಗಲಾಟೆಯಲ್ಲಿ ಒಂದಾದ ವಿದ್ಯಾರ್ಥಿಗಳು, ಬರಹಗಾರರು, ಗುಮಾಸ್ತರನ್ನು ಕಟ್ಟಿ ದಲಿತ ಸಂಘರ್ಷ ಸಮಿತಿಯನ್ನು ಬೆಳೆಸಿದರು. ಅಮೆರಿಕದ ಓಕ್‌ಲೆಂಡಿನಲ್ಲಿ 1966ರಲ್ಲಿ ಹುಟ್ಟಿದ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಹೆಸರು 1972ರಲ್ಲಿ ಮುಂಬಯಿಯ ದಲಿತ ಪ್ಯಾಂಥರಿಗೆ ಬಂದಿತ್ತು. ಆ ಗಾಳಿ ಇಲ್ಲಿಗೂ ಬೀಸಿತ್ತು. ಆದರೆ ಇಲ್ಲಿ ಹಾಡು, ತಮಟೆ, ಕಾಲ್ನಡಿಗೆ ಜಾಥಾ ಮಾತಿನ ರೂಪ ತಾಳಿದವು. 1979ರ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಬೇಕು ಎಂದು ಕೇಳಿದರೆ, ಸಾಹಿತ್ಯದಲ್ಲಿ ದಲಿತ ಅಂತ ಬೇರೆ ಇಲ್ಲ ಎಂಬ ಉತ್ತರ ಬಂತು. ಡಗ್ಲಾಸ್ ಹೇಳಿದ ಎರಡನೇ ಕಳ್ಳತನ ಇದು. ಕನ್ನಡ ಕೇಳುಗರಿಂದ ಒಂದು ಮಾತನ್ನು ಮುಚ್ಚಿಟ್ಟರು. ಅದೇ ವರ್ಷ ಮಾರ್ಚ್ 10 ಮತ್ತು 11ರಂದು ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ಸೇರಿತು. ಬಾಗಿಲು ಹಾಕಿದ್ದಕ್ಕೆ ನಾವು ಬೇರೆ ಮನೆಯನ್ನೇ ಕಟ್ಟಿಕೊಂಡೆವು.

ಕಾನೂನಿನ ಮಾತು ಆಡದಿದ್ದರೆ ಲೆಕ್ಕ ಪೂರ್ತಿಯಾಗದು. ಅಮೆರಿಕದ ಮೊದಲ ತಿದ್ದುಪಡಿ ಮಾತಿಗೆ ಜಾಗ ಕೊಟ್ಟಿತು. ನಮ್ಮ ಸಂವಿಧಾನದ ಮೊದಲ ತಿದ್ದುಪಡಿ 1951ರಲ್ಲಿ ಬಂದು ಸಾರ್ವಜನಿಕ ಸುವ್ಯವಸ್ಥೆಯ ಹೆಸರಿನಲ್ಲಿ ಮಾತಿಗೆ ಬೇಲಿ ಹಾಕಿತು. ಬೇಲಿ ನ್ಯಾಯೋಚಿತವಾಗಿರಬೇಕು ಎಂಬ ಶರತ್ತೂ ಜೊತೆಗೇ ಬಂತು. ಆದರೆ ಮೀಸಲಾತಿಯನ್ನು ಕೋರ್ಟಿನ ಪೆಟ್ಟಿನಿಂದ ಉಳಿಸಿದ 15(4) ಕೂಡ ಅದೇ ತಿದ್ದುಪಡಿಯ ಕೂಸು. ಕಾಲೇಜಿನ ಬಾಗಿಲು ತೆರೆದದ್ದೂ, ಬಾಯಿಗೆ ಬೇಲಿ ಹಾಕಿದ್ದೂ ಒಂದೇ ಕಾಗದ. ಅದನ್ನು ಬರೀ ಹೊಗಳುವುದಕ್ಕೂ ಬರೀ ಬಯ್ಯುವುದಕ್ಕೂ ನಮಗೆ ಆಗುವುದಿಲ್ಲ.

ಅಂಬೇಡ್ಕರರಿಗೆ ಈ ಇಕ್ಕಟ್ಟು ಮೊದಲೇ ಗೊತ್ತಿತ್ತು. 1943ರ ಜನವರಿಯಲ್ಲಿ ಪುಣೆಯ ರಾನಡೆ ಭಾಷಣದಲ್ಲಿ ಅವರು ಅಮೆರಿಕದ ನೀಗ್ರೋ, ಜರ್ಮನಿಯ ಯಹೂದಿ, ಭಾರತದ ಅಸ್ಪೃಶ್ಯ ಮೂವರನ್ನೂ ಒಟ್ಟಿಗೆ ನಿಲ್ಲಿಸಿ, ಮೂಲಭೂತ ಹಕ್ಕುಗಳಿಂದ ಇವರಿಗೆ ಏನು ಬಂತು ಎಂದು ಕೇಳಿದರು. ಹಕ್ಕನ್ನು ಕಾಯುವುದು ಸಮಾಜದ ಆತ್ಮಸಾಕ್ಷಿ, ಅದು ಸತ್ತಿದ್ದರೆ ಕಾನೂನು ಒಂದೇ ಕಾಯಲಾರದು ಎಂಬುದು ಅವರ ವಾದ.

ಆ ಪ್ರಶ್ನೆಗೆ ದಾವಣಗೆರೆ ಒಂದು ಉತ್ತರ ಕೊಟ್ಟಿತು. 2015ರ ಅಕ್ಟೋಬರಿನಲ್ಲಿ ದಾವಣಗೆರೆ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದುತ್ತಿದ್ದ ದಲಿತ ಯುವ ಬರಹಗಾರರೊಬ್ಬರನ್ನು, ಜಾತಿಯ ವಿರುದ್ಧ ಪುಸ್ತಕ ಬರೆದದ್ದಕ್ಕೆ, ರಾತ್ರಿ ಹಾಸ್ಟೆಲಿನಿಂದ ಸುಳ್ಳು ಹೇಳಿ ಕರೆದೊಯ್ದು ಹೊಡೆದರು. ಇನ್ನು ಬರೆಯದ ಹಾಗೆ ಬೆರಳು ಕತ್ತರಿಸುತ್ತೇವೆ ಎಂದರು ಅಂತ ಅವರೇ ದೂರು ಕೊಟ್ಟರು. ಅದಕ್ಕೆ ಎರಡು ತಿಂಗಳೂ ತುಂಬಿರದ ಹಿಂದೆ, ಆಗಸ್ಟ್ 30ರಂದು, ಧಾರವಾಡದಲ್ಲಿ ಎಂ. ಎಂ. ಕಲಬುರ್ಗಿಯವರನ್ನು ಕೊಂದಿದ್ದರು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನು ಕೊಂದರು. ಏಕಲವ್ಯನ ಹೆಬ್ಬೆರಳು ಕೇಳಿದ್ದು ಗುರು. ಈಗ ಬೆರಳು ಕೇಳಲು ಬೀದಿಯೇ ಬರುತ್ತದೆ. ಆಲ್ಟನ್ ಊರಿನ ಗುಂಪಿಗೂ ಇದಕ್ಕೂ ಏನು ವ್ಯತ್ಯಾಸ?

ನಾವು ಹೇಳುವುದು ಇಷ್ಟು. ಮಾತಿನ ಹಕ್ಕು ಅಮೆರಿಕ ಕೊಟ್ಟ ದಾನವಲ್ಲ. ನಮ್ಮ ನೆಲದಲ್ಲೇ ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ ಶತಮಾನಗಳ ಹಿಂದೆಯೇ ಬಾಯಿ ಬಿಟ್ಟಿದ್ದರು. ಆದರೆ ಗಡೀಪಾರಾದ ಪಾದ್ರಿ, ಅಪರಾಧಿಯಾದ ಪೇಯ್ನ್, ಬಟ್ಟೆಯಲ್ಲಿ ಪುಸ್ತಕ ಹೊಲಿದ ವಾಕರ್, ಸಭೆ ಮುರಿದರೂ ಮತ್ತೆ ಎದ್ದು ನಿಂತ ಡಗ್ಲಾಸ್, ಇವರು ನಮ್ಮ ಕೇರಿಯ ನೆಂಟರು. ಇವರಿಂದ ಕಲಿಯಬೇಕಾದ ಕೆಲಸ ಸರಳವಾಗಿದೆ. ಅಚ್ಚಿನ ಯಂತ್ರ ಒಡೆದರೆ ಇನ್ನೊಂದು ತರಿಸುವುದು, ಒಬ್ಬನ ಬಾಯಿ ಮುಚ್ಚಿಸಿದರೆ ಕೇಳಬೇಕಾದವರೆಲ್ಲ ಅದು ತಮ್ಮ ಕಿವಿಗೆ ಬಿದ್ದ ಪೆಟ್ಟು ಅಂತ ಎದ್ದೇಳುವುದು. ಹರಿಹರದ ಹೊರಗೆ ಮೈತ್ರಿವನದಲ್ಲಿ ಕೃಷ್ಣಪ್ಪನವರ ಸ್ಮಾರಕ ಇದೆ. ವರ್ಷಕ್ಕೊಮ್ಮೆ ಹೋಗಿ ಹೂ ಹಾಕಿ ಬಂದರೆ ಸಾಲದು. ಮುಂದೊಂದು ದಿನ ದಾವಣಗೆರೆಯ ಯಾವುದೋ ಹಾಸ್ಟೆಲಿನ ಬಾಗಿಲು ರಾತ್ರಿ ಬಡಿದಾಗ, ಪಕ್ಕದ ಕೋಣೆಗಳ ಬಾಗಿಲೂ ತೆರೆಯಬೇಕು.