ಅಂಗೈಯಗಲದ ಕಾರಿನಲ್ಲಿ ಚರಿತ್ರೆ



ಚರಿತ್ರೆಯ ಆಕರಗಳು ಯಾವುವು ಎಂದು ಕೇಳಿದರೆ ನೀವು ಶಾಸನ, ನಾಣ್ಯ, ತಾಳೆಗರಿ, ಕಡತಗಳನ್ನು ಹೆಸರಿಸುತ್ತೀರಿ. ಆ ಪಟ್ಟಿಗೆ ಆಟಿಕೆಯ ಕಾರನ್ನೂ ಸೇರಿಸಬಹುದೇ? ಖಂಡಿತ ಸೇರಿಸಬಹುದು. ಆದರೆ ಅದನ್ನು ಓದುವ ಕ್ರಮ ತಿಳಿದಿರಬೇಕು. ಹಳೆಯ ಕಾರುಗಳ ಲೋಹದ ಕಿರುಮಾದರಿಗಳನ್ನು ಸಂಗ್ರಹಿಸುವವರು ಇಂದು ಅನೇಕ ದೇಶಗಳಲ್ಲಿದ್ದಾರೆ. ಈ ಮಾದರಿಗಳು ಹೇಗೆ ಹುಟ್ಟಿದವು, ಅವುಗಳ ಸಾಕ್ಷ್ಯವನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ಈಗ ನೋಡೋಣ.

ಕರಗಿದ ಲೋಹವನ್ನು ಉಕ್ಕಿನ ಅಚ್ಚಿನೊಳಗೆ ಒತ್ತಡದಿಂದ ತುಂಬಿ ವಸ್ತುಗಳನ್ನು ತಯಾರಿಸುವ ವಿಧಾನಕ್ಕೆ ಡೈ ಕಾಸ್ಟಿಂಗ್ ಎಂದು ಹೆಸರು. ಇದರ ಮೂಲವನ್ನು ಹುಡುಕುತ್ತಾ ಹೋದರೆ ನಾವು ಮುದ್ರಣಾಲಯವನ್ನು ತಲುಪುತ್ತೇವೆ. 1893ರಲ್ಲಿ ಅಮೆರಿಕದ ಷಿಕಾಗೋ ನಗರದಲ್ಲಿ ನಡೆದ ವಿಶ್ವ ವಸ್ತುಪ್ರದರ್ಶನದಲ್ಲಿ ಲೈನೋಟೈಪ್ ಯಂತ್ರವನ್ನು ಇಡಲಾಗಿತ್ತು. ಕರಗಿದ ಲೋಹದಿಂದ ಅಕ್ಷರಗಳ ಇಡೀ ಸಾಲನ್ನೇ ಎರಕ ಹೊಯ್ಯುವ ಯಂತ್ರವದು. ಅದನ್ನು ಕಂಡ ಸ್ಯಾಮ್ಯುಯೆಲ್ ಡೌಸ್ಟ್ ಎಂಬ ಪತ್ರಿಕಾ ಪ್ರಕಾಶಕರು, ಅದೇ ರೀತಿಯಲ್ಲಿ ಗುಂಡಿಗಳನ್ನೂ ಚಿಕ್ಕಪುಟ್ಟ ಅಲಂಕಾರದ ವಸ್ತುಗಳನ್ನೂ ಮಾಡಬಹುದೆಂದು ಮನಗಂಡರು. 1910ರ ದಶಕದಲ್ಲಿ ಅವರ ಸಂಸ್ಥೆ ಪುಟ್ಟ ಕಾರುಗಳನ್ನು ತಯಾರಿಸತೊಡಗಿತು. ಮುಂದೆ ಇವು ಟೂಟ್ಸಿಟಾಯ್ ಎಂಬ ಹೆಸರಿನಿಂದ ಪ್ರಸಿದ್ಧವಾದವು.

ಬ್ರಿಟನ್ನಿನಲ್ಲಿ ಈ ಕಥೆ ಲಿವರ್‌ಪೂಲ್ ನಗರದಲ್ಲಿ ಆರಂಭವಾಗುತ್ತದೆ. ಅಲ್ಲಿನ ಮೆಕ್ಯಾನೋ ಸಂಸ್ಥೆಯ ಸ್ಥಾಪಕ ಫ್ರಾಂಕ್ ಹಾರ್ನ್‌ಬಿ. ಆ ಸಂಸ್ಥೆಯ ಆಟಿಕೆ ರೈಲುಗಳ ಅಕ್ಕಪಕ್ಕದಲ್ಲಿ ನಿಲ್ಲಿಸಲೆಂದು 1933ರ ಕೊನೆಯಲ್ಲಿ ಆರು ಪುಟ್ಟ ವಾಹನಗಳು ಬಂದವು. ಸ್ಪೋರ್ಟ್ಸ್ ಕಾರು, ಟ್ರಕ್ಕು, ಟ್ರಾಕ್ಟರು, ಟ್ಯಾಂಕು ಎಂಬ ಸಾಮಾನ್ಯ ಹೆಸರುಗಳಷ್ಟೇ ಅವಕ್ಕಿದ್ದವು. 1934ರಲ್ಲಿ ಇವುಗಳಿಗೆ ಡಿಂಕಿ ಟಾಯ್ಸ್ ಎಂಬ ಹೆಸರು ಬಂದಿತು. ರೈಲಿನ ಅಳತೆಗೆ ಹೊಂದಬೇಕಾಗಿದ್ದ ಕಾರಣದಿಂದಲೇ 1:43 ಎಂಬ ಪ್ರಮಾಣ ಬಳಕೆಗೆ ಬಂದು, ಮುಂದೆ ಸಂಗ್ರಾಹಕರ ಮೆಚ್ಚಿನ ಪ್ರಮಾಣವಾಯಿತು. ಹೀಗೆಂದರೇನು? ನಮ್ಮ ರಸ್ತೆಗಳಲ್ಲಿ ದಶಕಗಳ ಕಾಲ ಓಡಿದ ಅಂಬಾಸಡರ್ ಕಾರಿನ ಉದ್ದ ಸುಮಾರು 4.3 ಮೀಟರ್. ಈ ಪ್ರಮಾಣದಲ್ಲಿ ಅದರ ಮಾದರಿ 10 ಸೆಂಟಿಮೀಟರ್ ಇರುತ್ತದೆ.

ಮೊದಲು ಬಳಸಿದ್ದು ಸೀಸ. ಬಹುಬೇಗ ಅದರ ಸ್ಥಾನಕ್ಕೆ ಸತುವಿನ ಮಿಶ್ರಲೋಹ ಬಂದಿತು. ಇದರಲ್ಲಿ ಸುಮಾರು ಶೇ. 96 ಸತು, ಶೇ. 4ರಷ್ಟು ಅಲ್ಯೂಮಿನಿಯಂ, ಜೊತೆಗೆ ಅತ್ಯಲ್ಪ ಮೆಗ್ನೀಸಿಯಂ ಇರುತ್ತವೆ. ಕೆಲವು ಬಗೆಗಳಲ್ಲಿ ತಾಮ್ರವೂ ಸೇರುತ್ತದೆ. ಸುಮಾರು 385 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ, ಅಚ್ಚಿನ ಸೂಕ್ಷ್ಮ ಗೆರೆಗಳನ್ನೂ ಇದು ತುಂಬಿಕೊಳ್ಳುತ್ತದೆ. ಆದರೆ ಇದರೊಳಗೆ ಸೀಸದ ಲೇಶ ಬೆರೆತರೂ ಕೇಡು ತಪ್ಪಿದ್ದಲ್ಲ. ವರ್ಷಗಳು ಕಳೆದಂತೆ ಲೋಹದ ಕಣಗಳ ನಡುವೆ ತುಕ್ಕು ಹರಡಿ, ಕಾರು ಉಬ್ಬಿ, ಬಿರುಕು ಬಿಟ್ಟು, ಕೊನೆಗೆ ಪುಡಿಯಾಗುತ್ತದೆ. ಸೆಕೆಯೂ ತೇವವೂ ಇದನ್ನು ಹೆಚ್ಚಿಸುತ್ತವೆ. ಯುದ್ಧಪೂರ್ವದ ಎಷ್ಟೋ ಡಿಂಕಿ ಕಾರುಗಳು ಹೀಗೆ ನಾಶವಾದವು. ಇದಕ್ಕೆ ಮದ್ದಿಲ್ಲ. ಆದ್ದರಿಂದ ಉಳಿದವುಗಳ ಅಳತೆ, ಛಾಯಾಚಿತ್ರ, ವಿವರಗಳನ್ನು ದಾಖಲಿಸುವುದು ಸಂಗ್ರಾಹಕನ ಮೊದಲ ಕರ್ತವ್ಯ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಆಟಿಕೆ ತಯಾರಿಕೆ ನಿಂತು, ಕಾರ್ಖಾನೆ ಯುದ್ಧದ ಕೆಲಸಕ್ಕೆ ತೊಡಗಿತು. ಯುದ್ಧಾನಂತರ, 1947ರಲ್ಲಿ, ಲಂಡನ್ನಿನಲ್ಲಿ ಲೆಸ್ನಿ ಎಂಬ ಸಂಸ್ಥೆ ಹುಟ್ಟಿತು. ಅದರ ಪಾಲುದಾರ ಜಾಕ್ ಓಡೆಲ್ ಅವರ ಮಗಳ ಶಾಲೆಯಲ್ಲಿ, ಬೆಂಕಿಪೊಟ್ಟಣದೊಳಗೆ ಹಿಡಿಯುವಷ್ಟು ಚಿಕ್ಕ ಆಟಿಕೆಯನ್ನು ಮಾತ್ರ ತರಬಹುದೆಂಬ ನಿಯಮವಿತ್ತಂತೆ. ತಂದೆ ಒಂದು ಪುಟ್ಟ ರೋಡ್ ರೋಲರ್ ಮಾಡಿಕೊಟ್ಟರು. 1953ರಲ್ಲಿ ಆರಂಭವಾದ ಮ್ಯಾಚ್‌ಬಾಕ್ಸ್ ಸರಣಿಯ ಹಿಂದಿನ ಕಥೆ ಇದು.

1956ನೇ ಇಸವಿಯನ್ನು ನೀವು ವಿಶೇಷವಾಗಿ ನೆನಪಿಡಬೇಕು. ಆ ವರ್ಷ ಕಾರ್ಗಿ ಸಂಸ್ಥೆ ಪಾರದರ್ಶಕ ಕಿಟಕಿಗಳುಳ್ಳ ಕಾರುಗಳನ್ನು ತಂದಿತು. ಅದೇ ವರ್ಷ ಲೆಸ್ನಿ ಸಂಸ್ಥೆ ಮಾಡೆಲ್ಸ್ ಆಫ್ ಯೆಸ್ಟರ್‌ಇಯರ್ ಎಂಬ ಸರಣಿಯನ್ನು ಹೊರಡಿಸಿತು. ಅಲ್ಲಿಯವರೆಗೆ ಆಟಿಕೆ ಕಾರೆಂದರೆ ಹೆಚ್ಚಾಗಿ ಅಂದಿನ ಬೀದಿಯಲ್ಲಿ ಓಡುತ್ತಿದ್ದ ಕಾರು. ಈ ಸರಣಿಯಲ್ಲಾದರೋ ಬೀದಿಯಿಂದ ಮರೆಯಾಗಿದ್ದ ಉಗಿ ಎಂಜಿನ್ನು, ಹಳೆಯ ಲಂಡನ್ ಬಸ್ಸು ಮೊದಲಾದವುಗಳಿದ್ದವು.

ಚರಿತ್ರೆಯ ವಿದ್ಯಾರ್ಥಿಗೆ ಈ ವ್ಯತ್ಯಾಸ ಬಹಳ ಮುಖ್ಯ. 1930ರ ದಶಕದ ಕಾರನ್ನು ಅದೇ ದಶಕದಲ್ಲಿ ತಯಾರಿಸಿದ ಮಾದರಿ ಸಮಕಾಲೀನ ಸಾಕ್ಷಿ. ಅದರ ಬಾಗಿಲು ತೆರೆಯುವುದಿಲ್ಲ, ಒಳಗೆ ಆಸನಗಳಿಲ್ಲ. ಅದೇ ಕಾರನ್ನು ಇಂದು 1:18 ಪ್ರಮಾಣದಲ್ಲಿ, ಕೆಲವೊಮ್ಮೆ ಸಾವಿರಕ್ಕೂ ಹೆಚ್ಚು ಬಿಡಿಭಾಗಗಳನ್ನು ಜೋಡಿಸಿ ತಯಾರಿಸುತ್ತಾರೆ. ವಿವರದಲ್ಲಿ ಇದೇ ಮೇಲು. ಆದರೆ ಇದು ಅನಂತರದವರು ಅಧ್ಯಯನ ಮಾಡಿ ಬರೆದ ಗ್ರಂಥದಂತೆ. ಮೊದಲನೆಯದು ಆ ಕಾಲದವರೇ ಬರೆದ ಪತ್ರದಂತೆ. ಕಾರು ಹೇಗಿತ್ತೆಂದು ತಿಳಿಯಲು ಹೊಸ ಮಾದರಿಯನ್ನು ನೋಡಿರಿ. ಆ ಕಾಲದ ಮಕ್ಕಳ ಕೈಗೆ ಏನು ಸಿಕ್ಕಿತ್ತು, ಕಾರ್ಖಾನೆಗೆ ಯಾವ ಲೋಹ ದೊರೆಯುತ್ತಿತ್ತು ಎಂದು ತಿಳಿಯಬೇಕಾದರೆ ಹಳೆಯದನ್ನೇ ಕೇಳಬೇಕು.

ಹಳೆಯ ಮಾದರಿಯ ತಳಭಾಗವೂ ಮಾತನಾಡುತ್ತದೆ. 1960ರ ದಶಕದ ಕೊನೆಯ ಹೊತ್ತಿಗೆ ಡಿಂಕಿಯ ಕೆಲವು ಹಳೆಯ ಅಚ್ಚುಗಳು ಭಾರತಕ್ಕೆ ಬಂದವು. ಅಂದಿನ ಕಲ್ಕತ್ತಾದಲ್ಲಿ ಅವುಗಳಿಂದ ಕಾರುಗಳನ್ನು ಎರಕ ಹೊಯ್ದು, ತಳದಲ್ಲಿದ್ದ ಡಿಂಕಿ ಎಂಬ ಹೆಸರನ್ನು ನಿಕ್ಕಿ ಎಂದು ಬದಲಿಸಿ ಮಾರಿದರು. ಅಚ್ಚು ಲಿವರ್‌ಪೂಲಿನದು, ಕೈಕೆಲಸ ಭಾರತದ್ದು. ತಿದ್ದಿದ ಆ ಒಂದು ಹೆಸರು ಎರಡು ದೇಶಗಳ ಉದ್ಯಮದ ನಂಟನ್ನು ತಿಳಿಸುತ್ತದೆ. ಲಿವರ್‌ಪೂಲಿನ ಕಾರ್ಖಾನೆ 1979ರಲ್ಲಿ ಮುಚ್ಚಿತು. 1982ರಲ್ಲಿ ಲೆಸ್ನಿ ದಿವಾಳಿಯಾಯಿತು. ಅಲ್ಲಿ ದುಡಿದವರ ಕೈಚಳಕಕ್ಕೆ ಈ ಪುಟ್ಟ ಕಾರುಗಳೂ ಸಾಕ್ಷಿ.

ಆದ್ದರಿಂದ ಹಳೆಯ ಆಟಿಕೆಗೆ ಹೊಸ ಬಣ್ಣ ಬಳಿಯುವ ಮುನ್ನ ಯೋಚಿಸಿರಿ. ಶಾಸನದ ಕಲ್ಲಿಗೆ ಸುಣ್ಣ ಬಳಿದರೆ ಅಕ್ಷರಗಳು ಮುಚ್ಚಿಹೋಗುವಂತೆ, ಹೊಸ ಬಣ್ಣದಡಿಯಲ್ಲಿ ಕಾರ್ಖಾನೆಯ ಬಣ್ಣವೂ ಮಗುವಿನ ಆಟದ ಗುರುತುಗಳೂ ಮರೆಯಾಗುತ್ತವೆ. ಇನ್ನೊಂದು ಮಾತು: ಪೆಟ್ಟಿಗೆಯಿಂದ ಹೊರಗೆ ಬಾರದ ಕಾರಿಗೆ ಸಂತೆಯಲ್ಲಿ ಬೆಲೆ ಹೆಚ್ಚು. ಆದರೆ ಅದರೊಡನೆ ಯಾರೂ ಆಡಿಲ್ಲ. ಉಳಿದುಬಂದ ವಸ್ತುಗಳನ್ನಷ್ಟೇ ನೋಡಿ ಅಂದಿನ ಬಾಲ್ಯವನ್ನು ಊಹಿಸಿದರೆ ನಾವು ಎಡವುತ್ತೇವೆ.

ನಿಮ್ಮ ಮನೆಯಲ್ಲಿ ಅಂಥದ್ದೊಂದು ಹಳೆಯ ಕಾರು ಇದ್ದರೆ ತಿರುಗಿಸಿ ತಳವನ್ನು ಓದಿರಿ. ಅಲ್ಲಿರುವ ಹೆಸರು, ಊರು, ಸಂಖ್ಯೆಗಳನ್ನು ಬರೆದುಕೊಳ್ಳಿರಿ, ಉದ್ದವನ್ನು ಅಳೆಯಿರಿ, ಯಾರು ಕೊಂಡರು, ಯಾರು ಆಡಿದರು ಎಂದು ಹಿರಿಯರನ್ನು ಕೇಳಿರಿ. ಆ ಒಂದು ಪುಟದ ಟಿಪ್ಪಣಿ ಇಲ್ಲದಿದ್ದರೆ ಅದು ಬರಿಯ ಆಟಿಕೆ. ಇದ್ದರೆ ಅದೊಂದು ದಾಖಲೆ.